ಮನೆಯಲ್ಲೇ ಸ್ಪ್ಯಾನಿಷ್: ಯಾವ ವಿಧಾನ ಯಾರಿಗೆ?

ಬೇಸಿಗೆ ರಜೆ ಹತ್ತಿರವಾದಂತೆ ಪಾಲಕರಿಂದ ಕೇಳಿಬರುವ ಪ್ರಶ್ನೆಗಳಲ್ಲಿ ಇದೂ ಒಂದು: ‘ಮಗಳು ಪಿಯುಸಿ ಓದುತ್ತಿದ್ದಾಳೆ. ಮನೆಯಲ್ಲೇ ಕುಳಿತು ಸ್ಪ್ಯಾನಿಷ್ ಕಲಿಯುತ್ತೇನೆ ಎನ್ನುತ್ತಾಳೆ. ನಮ್ಮೂರಿನಲ್ಲಿ ಕಲಿಸುವವರಿಲ್ಲ. ಯಾವ ಪುಸ್ತಕ ಕೊಡಿಸಲಿ? ದುಡ್ಡು ದಂಡವಾಗದಿರಲು ಏನು ನೋಡಬೇಕು?’

ಆಸೆ ಒಳ್ಳೆಯದೇ. ಸುಮಾರು 50 ಕೋಟಿ ಜನರ ಮಾತೃಭಾಷೆ ಸ್ಪ್ಯಾನಿಷ್. ಸ್ಪೇನ್, ಮೆಕ್ಸಿಕೊ, ಅರ್ಜೆಂಟೀನ, ಕೊಲಂಬಿಯಾ, ಪೆರು ಮೊದಲಾಗಿ ಇಪ್ಪತ್ತು ದೇಶಗಳಲ್ಲಿ ಅದು ಅಧಿಕೃತ ಭಾಷೆ. ವಿಶ್ವಸಂಸ್ಥೆಯ ಆರು ಅಧಿಕೃತ ಭಾಷೆಗಳಲ್ಲಿ ಒಂದು. ಬರೆದಂತೆ ಓದುವ ಭಾಷೆಯಾದ್ದರಿಂದ ಗುರುವಿಲ್ಲದೆ ಆರಂಭಿಸುವವರಿಗೆ ಫ್ರೆಂಚ್‌ಗಿಂತ ಸುಲಭ. ಹಾಗಿದ್ದೂ ಉತ್ಸಾಹದಿಂದ ತಂದ ಪುಸ್ತಕ ಹತ್ತನೇ ಪಾಠದ ಹೊತ್ತಿಗೆ ಕಪಾಟು ಸೇರುವುದೇ ಹೆಚ್ಚು. ಹುಡುಗಿಗೆ ಬುದ್ಧಿ ಸಾಲದೆಂದು ಯಾರೂ ತಿಳಿಯಬೇಕಿಲ್ಲ. ಹೆಚ್ಚಿನ ಸಂದರ್ಭಗಳಲ್ಲಿ ಅವಳಿಗೆ ಹೊಂದದ ವಿಧಾನ ಕೈಗೆ ಬಂದಿರುತ್ತದೆ.

ಮೊದಲು ಕಾಲದ ಲೆಕ್ಕ

ಅಮೆರಿಕದ ವಿದೇಶಾಂಗ ಇಲಾಖೆಗೆ ತನ್ನ ಅಧಿಕಾರಿಗಳಿಗೆ ಭಾಷೆ ಕಲಿಸುವ ಸಂಸ್ಥೆಯೊಂದಿದೆ. ಇಂಗ್ಲಿಷ್ ಮಾತೃಭಾಷೆಯವರು ಕೆಲಸಕ್ಕೆ ಸಾಲುವಷ್ಟು ಸ್ಪ್ಯಾನಿಷ್ ಕಲಿಯಲು 600ರಿಂದ 750 ಗಂಟೆಗಳ ಪಾಠ ಬೇಕೆಂದು ಅದರ ಅಂದಾಜು. ದಿನಕ್ಕೆ ಅರ್ಧ ಗಂಟೆಯಂತೆ ಓದಿದರೆ ವರ್ಷಕ್ಕೆ ಸುಮಾರು 180 ಗಂಟೆ. ಎಂದರೆ ಮೂರರಿಂದ ನಾಲ್ಕು ವರ್ಷಗಳ ಹಾದಿ. ‘ಮೂವತ್ತು ದಿನಗಳಲ್ಲಿ ಸ್ಪ್ಯಾನಿಷ್’ ಎಂಬ ಮುಖಪುಟ ಕಂಡರೆ ಅದರಲ್ಲಿರುವುದು ಹದಿನೈದು ಗಂಟೆಯ ಕೆಲಸ ಮಾತ್ರ ಎಂದು ತಿಳಿಯಿರಿ. ಮೊದಲ ವರ್ಷದ ಗುರಿಯಾಗಿ ತನ್ನ ಪರಿಚಯ, ಮನೆ, ಊಟ, ಪ್ರಯಾಣ, ದಿನಚರಿಯ ಮಾತುಗಳನ್ನು ಇಟ್ಟುಕೊಂಡರೆ ಸಾಕು.

ನಾಲ್ಕು ದಾರಿಗಳು

ಮನೆಯಲ್ಲಿ ಕಲಿಯುವ ವಿಧಾನಗಳು ಅಂಗಡಿಯಲ್ಲಿ ನೂರು ಕಂಡರೂ ಮೂಲದಲ್ಲಿ ನಾಲ್ಕು ಬಗೆ.

ಮೊದಲನೆಯದು ಕೇಳಿ ಹೇಳುವುದು. ಅಮೆರಿಕದ ಭಾಷಾ ಪ್ರಾಧ್ಯಾಪಕ ಪಾಲ್ ಪಿಮ್ಸ್‌ಲರ್ ಅವರ ಹೆಸರಿನ ಪಾಠಗಳು ಈ ಜಾತಿಯವು. ಒಂದು ಪದವನ್ನು ಕಲಿತ ಐದು ಸೆಕೆಂಡಿಗೆ, ಮತ್ತೆ ಇಪ್ಪತ್ತೈದು ಸೆಕೆಂಡಿಗೆ, ಎರಡು ನಿಮಿಷಕ್ಕೆ, ಹತ್ತು ನಿಮಿಷಕ್ಕೆ, ಹೀಗೆ ಅಂತರ ಹೆಚ್ಚಿಸುತ್ತ ನೆನಪಿಸಿದರೆ ಅದು ಮನಸ್ಸಿನಲ್ಲಿ ನಿಲ್ಲುತ್ತದೆ ಎಂದು ಅವರು 1967ರಲ್ಲಿ ಬರೆದರು. ಅರ್ಧ ಗಂಟೆಯ ಪಾಠದಲ್ಲಿ ಪ್ರಶ್ನೆ ಬಂದೊಡನೆ ಬಾಯಿ ಬಿಟ್ಟು ಉತ್ತರಿಸಬೇಕು. ನಾಲಿಗೆ ಬೇಗ ತಿರುಗುತ್ತದೆ. ಪದಸಂಪತ್ತು ಮಾತ್ರ ಕಡಿಮೆ, ಓದು-ಬರಹ ಇನ್ನೂ ಕಡಿಮೆ, ಬೆಲೆಯೂ ಹೆಚ್ಚು.

ಎರಡನೆಯದು ಎದುರುಬದುರು ಪುಟಗಳ ಪುಸ್ತಕ. ಆಲ್ಫೋನ್ಸ್ ಶೆರೆಲ್ 1929ರಲ್ಲಿ ಪ್ಯಾರಿಸ್‌ನಲ್ಲಿ ಸ್ಥಾಪಿಸಿದ ಅಸ್ಸಿಮಿಲ್ ಪ್ರಕಾಶನದ ಪುಸ್ತಕಗಳು ಇದಕ್ಕೆ ಹೆಸರಾಗಿವೆ. ಒಂದು ಪುಟದಲ್ಲಿ ಪುಟ್ಟ ಸಂಭಾಷಣೆ, ಎದುರು ಪುಟದಲ್ಲಿ ಅರ್ಥ, ಜೊತೆಗೆ ಧ್ವನಿಮುದ್ರಿಕೆ. ದಿನಕ್ಕೊಂದು ಪಾಠ. ಅರ್ಧ ದಾರಿ ಬರುವವರೆಗೆ ಕೇಳಿ ಅರ್ಥ ಮಾಡಿಕೊಂಡರೆ ಸಾಕು. ಐವತ್ತನೇ ಪಾಠದ ಆಸುಪಾಸಿನಿಂದ, ಹೊಸ ಪಾಠದ ಜೊತೆಗೆ ಹಳೆಯ ಮೊದಲನೇ ಪಾಠಕ್ಕೆ ಮರಳಿ ಸ್ಪ್ಯಾನಿಷ್ ಪುಟ ಮುಚ್ಚಿ ಅರ್ಥವನ್ನು ಸ್ಪ್ಯಾನಿಷ್‌ಗೆ ತಿರುಗಿಸಬೇಕು. ಓದುವ ಅಭ್ಯಾಸವಿರುವ ವಿದ್ಯಾರ್ಥಿಗೆ ಹೇಳಿಮಾಡಿಸಿದ್ದು. ಈ ಎರಡನೇ ಸುತ್ತನ್ನು ಬಿಟ್ಟವರಿಗೆ ಮಾತು ಬರುವುದಿಲ್ಲ.

ಮೂರನೆಯದು ಕಸರತ್ತು. ಮೇಲೆ ಹೇಳಿದ ಅಮೆರಿಕದ ಸಂಸ್ಥೆಯ ಹಳೆಯ ಪಾಠಗಳು ಸರ್ಕಾರಿ ಪ್ರಕಟಣೆಗಳಾದ್ದರಿಂದ ಧ್ವನಿಮುದ್ರಿಕೆ ಸಮೇತ ಉಚಿತವಾಗಿ ಸಿಗುತ್ತವೆ. ಒಂದೇ ವಾಕ್ಯದಲ್ಲಿ ‘ನಾನು’ ಬದಲು ‘ನಾವು’, ‘ಇಂದು’ ಬದಲು ‘ನಿನ್ನೆ’ ಇಟ್ಟು ನೂರಾರು ಬಾರಿ ಹೇಳಿಸುತ್ತವೆ. ಮಗ್ಗಿ ಬಾಯಿಪಾಠ ಮಾಡಿದ ಹಾಗೆ. ಛಲವಿರುವವರಿಗೆ ಇದಕ್ಕಿಂತ ಗಟ್ಟಿ ಅಡಿಪಾಯವಿಲ್ಲ. ಬೇಸರಪಡುವವರಿಗೆ ಒಂದು ವಾರವೂ ಸಾಗದು.

ನಾಲ್ಕನೆಯದು ಮೊಬೈಲ್ ಆ್ಯಪ್. 2012ರಲ್ಲಿ ಸಾರ್ವಜನಿಕರಿಗೆ ತೆರೆದ ಡುವೊಲಿಂಗೊ ಇವುಗಳಲ್ಲಿ ಪ್ರಸಿದ್ಧ. ಖರ್ಚಿಲ್ಲದೆ ಆರಂಭಿಸಬಹುದು, ದಿನವೂ ಕೂರುವ ರೂಢಿ ಬೀಳುತ್ತದೆ. ಆದರೆ ಎದುರಿಗಿರುವ ಪದಗಳನ್ನು ಬೆರಳಿನಿಂದ ಜೋಡಿಸುವುದೇ ಬೇರೆ, ಖಾಲಿ ಬಾಯಿಯಲ್ಲಿ ವಾಕ್ಯ ಕಟ್ಟುವುದೇ ಬೇರೆ. ಇದನ್ನು ಪಲ್ಯದಂತೆ ಪಕ್ಕಕ್ಕೆ ಬಡಿಸಿಕೊಳ್ಳಿ, ಇದೇ ಅನ್ನವಾಗದಿರಲಿ.

ಕನ್ನಡವೇ ಬಂಡವಾಳ

ಈ ಪಾಠಗಳೆಲ್ಲ ಇಂಗ್ಲಿಷ್ ಬಲ್ಲವರಿಗಾಗಿ ಬರೆದವು. ಇಂಗ್ಲಿಷ್ ಮಾತೃಭಾಷೆಯವರಿಗೆ ಕಷ್ಟವೆಂದು ಅವು ಪುಟಗಟ್ಟಲೆ ವಿವರಿಸುವ ಹಲವು ಸಂಗತಿಗಳು ಕನ್ನಡದ ಮಕ್ಕಳಿಗೆ ಹುಟ್ಟಿನಿಂದಲೇ ಗೊತ್ತು.

‘ಮೆ ಗುಸ್ತಾ ಎಲ್ ಕಫೆ’ ಎಂದರೆ ‘ನನಗೆ ಕಾಫಿ ಇಷ್ಟ’. ಇಂಗ್ಲಿಷಿನಲ್ಲಿ ಇಷ್ಟಪಡುವವನು ಕರ್ತೃ. ಸ್ಪ್ಯಾನಿಷ್‌ನಲ್ಲಿ ಕನ್ನಡದಂತೆಯೇ ಅವನು ‘ನನಗೆ’ ಆಗುತ್ತಾನೆ. ‘ಮೆ ದ್ವೆಲೆ ಲಾ ಕಬೆಸಾ’ ಎಂದರೆ ‘ನನಗೆ ತಲೆ ನೋಯುತ್ತದೆ’. ‘ಆಬ್ಲೊ’ ಎಂದರೆ ‘ಮಾತನಾಡುತ್ತೇನೆ’, ‘ಆಬ್ಲಾಮೊಸ್’ ಎಂದರೆ ‘ಮಾತನಾಡುತ್ತೇವೆ’. ಕ್ರಿಯಾಪದದ ತುದಿಯೇ ಯಾರೆಂದು ಹೇಳುವುದರಿಂದ ‘ನಾನು’, ‘ನಾವು’ ಬಿಟ್ಟರೂ ನಡೆಯುತ್ತದೆ. ‘ತು’ ಮತ್ತು ‘ಉಸ್ತೆದ್’ ನಮ್ಮ ‘ನೀನು’ ಮತ್ತು ‘ನೀವು’. ಇಂಗ್ಲಿಷಿನ ‘ಈಸ್’ ಎಂಬ ಒಂದೇ ಪದಕ್ಕೆ ಸ್ಪ್ಯಾನಿಷ್‌ನಲ್ಲಿ ‘ಎಸ್’, ‘ಎಸ್ತಾ’ ಎಂದು ಎರಡು ಪದಗಳಿವೆ. ‘ಅವಳು ಡಾಕ್ಟರ್’ ಎನ್ನುವಲ್ಲಿ ಮೊದಲನೆಯದು, ‘ಅವಳು ಮನೆಯಲ್ಲಿದ್ದಾಳೆ’, ‘ಅವಳು ದಣಿದಿದ್ದಾಳೆ’ ಎನ್ನುವಲ್ಲಿ ಎರಡನೆಯದು. ‘ಇದ್ದಾಳೆ’ ಬಂದರೆ ‘ಎಸ್ತಾ’ ಎಂಬ ಸೂತ್ರ ಎಲ್ಲ ಕಡೆ ಹೊಂದದು. ಆರಂಭಕ್ಕೆ ಒಳ್ಳೆಯ ಊರುಗೋಲು.

ಉಚ್ಚಾರಣೆಯಲ್ಲೂ ಲಾಭವಿದೆ. ಅಲ್ಲಿನ ಐದು ಸ್ವರಗಳು ನಮ್ಮ ಅ, ಎ, ಇ, ಒ, ಉಗಳಿಗೆ ಹತ್ತಿರ. ಅವರ ತ, ದ ಹಲ್ಲಿಗೆ ತಾಗಿಸಿ ನುಡಿಯುವಂಥವು. ಇಂಗ್ಲಿಷಿನ ಟ, ಡ ಅಲ್ಲ. ಆದ್ದರಿಂದ ಮೊದಲ ತಿಂಗಳು ಪದಗಳನ್ನು ಕೇಳಿ ಕನ್ನಡ ಲಿಪಿಯಲ್ಲಿ ಬದಿಗೆ ಗುರುತು ಹಾಕಿಕೊಂಡರೆ ತಪ್ಪಿಲ್ಲ. ಕಣ್ಣಿನಿಂದ ಓದಿ ಬರೆದುಕೊಳ್ಳಬಾರದು. ಸ್ಪ್ಯಾನಿಷ್‌ನಲ್ಲಿ ‘ಎಚ್’ ಅಕ್ಷರಕ್ಕೆ ಉಚ್ಚಾರಣೆಯೇ ಇಲ್ಲ. ‘ಜೆ’ ಗಂಟಲಿನಿಂದ ಬರುವ ‘ಹ’. ‘ಪೆರೊ’ ಎಂದರೆ ‘ಆದರೆ’, ರಕಾರ ಅದುರಿಸಿ ‘ಪೆರ್ರೊ’ ಎಂದರೆ ‘ನಾಯಿ’. ಹೀಗಾಗಿ ಧ್ವನಿಮುದ್ರಿಕೆ ಇಲ್ಲದ ಪುಸ್ತಕವನ್ನು, ಎಷ್ಟೇ ಅಗ್ಗವಾಗಿರಲಿ, ಕೊಳ್ಳಬೇಡಿ.

ಕನ್ನಡ ಕೈಕೊಡುವ ಜಾಗವನ್ನೂ ಹೇಳಬೇಕು. ನಮಗೆ ಮೇಜು, ಪುಸ್ತಕ ಎರಡೂ ನಪುಂಸಕ. ಅಲ್ಲಿ ಮೇಜು ‘ಲಾ ಮೆಸಾ’, ಸ್ತ್ರೀಲಿಂಗ. ಪುಸ್ತಕ ‘ಎಲ್ ಲಿಬ್ರೊ’, ಪುಲ್ಲಿಂಗ. ಪ್ರತಿ ನಾಮಪದವನ್ನೂ ಅದರ ‘ಎಲ್’ ಅಥವಾ ‘ಲಾ’ ಜೊತೆಗೇ ಕಲಿಯುವುದೊಂದೇ ಉಪಾಯ.

ಒಂದು ವಾರದ ಪರೀಕ್ಷೆ

ಹಾಗಾದರೆ ಆಯ್ಕೆ ಹೇಗೆ? ಹೆಚ್ಚಿನ ಪಾಠಗಳಿಗೆ ಉಚಿತ ಮಾದರಿ ಸಿಗುತ್ತದೆ. ಹಣ ಕೊಡುವ ಮೊದಲು ಒಂದು ವಿಧಾನವನ್ನು ಒಂದು ವಾರ, ದಿನಕ್ಕೆ ಅರ್ಧ ಗಂಟೆ ಮಾಡಿ ನೋಡಲಿ. ಭಾನುವಾರ ಮೂರು ಪ್ರಶ್ನೆ ಕೇಳಿ. ಪುಸ್ತಕ ಮುಚ್ಚಿ ಐದು ವಾಕ್ಯಗಳನ್ನು ಗಟ್ಟಿಯಾಗಿ ಹೇಳಲು ಬರುತ್ತದೆಯೇ? ಪುಸ್ತಕ ನೋಡದೆ ವಾರದ ಧ್ವನಿಮುದ್ರಿಕೆ ಅರ್ಥವಾಗುತ್ತದೆಯೇ? ಏಳು ದಿನಗಳಲ್ಲಿ ಐದು ದಿನವಾದರೂ ಯಾರೂ ಹೇಳದೆ ತಾನಾಗಿ ಕುಳಿತಳೇ? ಮೂರಕ್ಕೂ ‘ಹೌದು’ ಬಂದರೆ ಕೊಳ್ಳಿ. ಮೂರನೆಯದಕ್ಕೆ ‘ಇಲ್ಲ’ ಬಂದರೆ, ಉಳಿದೆರಡಕ್ಕೆ ಏನೇ ಬರಲಿ, ಬೇರೆ ವಿಧಾನ ನೋಡಿ. ಬೇಸರ ತರುವ ಉತ್ತಮ ಪುಸ್ತಕಕ್ಕಿಂತ ಪ್ರತಿದಿನ ತೆರೆಯುವ ಸಾಧಾರಣ ಪುಸ್ತಕವೇ ಮೇಲು.

ಸ್ಪೇನ್‌ನ ಉಚ್ಚಾರಣೆಯೋ ಲ್ಯಾಟಿನ್ ಅಮೆರಿಕದ್ದೋ ಎಂಬ ಚಿಂತೆ ಬೇಡ. ಸ್ಪೇನ್‌ನ ಹೆಚ್ಚಿನ ಭಾಗದಲ್ಲಿ ‘ಗ್ರಾಥ್ಯಾಸ್’ ಎನ್ನುವ ಧನ್ಯವಾದ ಮೆಕ್ಸಿಕೊದಲ್ಲಿ ‘ಗ್ರಾಸ್ಯಾಸ್’. ಪಾಠದಲ್ಲಿ ಯಾವುದಿದೆಯೋ ಅದನ್ನೇ ಹಿಡಿಯಿರಿ, ಎರಡನ್ನೂ ಕಲಸಬೇಡಿ.

ತಂದೆತಾಯಿಗಳ ಪಾಲು

‘ನಮಗೇ ಸ್ಪ್ಯಾನಿಷ್ ಬಾರದು, ಮಕ್ಕಳಿಗೇನು ಸಹಾಯ ಮಾಡಲಿ?’ ಎನ್ನುವ ತಾಯಂದಿರಿದ್ದಾರೆ. ಕನ್ನಡ ಬಂದರೆ ಸಾಕು. ಮಗಳು ಕಲಿತ ವಾಕ್ಯಗಳ ಕನ್ನಡ ಅರ್ಥವನ್ನು ಒಂದು ನೋಟುಬುಕ್ಕಿನ ಎಡಬದಿಗೂ ಸ್ಪ್ಯಾನಿಷ್ ವಾಕ್ಯವನ್ನು ಕನ್ನಡ ಲಿಪಿಯಲ್ಲಿ ಬಲಬದಿಗೂ ಬರೆದಿಡಲಿ. ಅಡುಗೆಯ ನಡುವೆ ಅಮ್ಮ ‘ನನಗೆ ತಲೆ ನೋಯುತ್ತದೆ’ ಎಂದು ಓದಿದರೆ ಮಗಳು ಸ್ಪ್ಯಾನಿಷ್‌ನಲ್ಲಿ ಹೇಳಬೇಕು. ಸರಿಯೋ ತಪ್ಪೋ ಬಲಬದಿ ಹೇಳುತ್ತದೆ. ನಿನ್ನೆಯದು, ಕಳೆದ ವಾರದ್ದು, ಕಳೆದ ತಿಂಗಳದ್ದು ಕೇಳುತ್ತಿದ್ದರೆ ಪಿಮ್ಸ್‌ಲರ್ ಹೇಳಿದ ಅಂತರದ ನೆನಪು ಕಾಸಿನ ಖರ್ಚಿಲ್ಲದೆ ಮನೆಯಲ್ಲೇ ನಡೆಯುತ್ತದೆ. ಹತ್ತು ನಿಮಿಷ ಸಾಕು.

‘ಇದರಿಂದ ಕೆಲಸ ಸಿಗುತ್ತದೆಯೇ?’ ಎಂಬ ಪ್ರಶ್ನೆಗೂ ನೇರ ಉತ್ತರ ಬೇಕು. ಯುರೋಪಿನ ಅಳತೆಯಲ್ಲಿ ಭಾಷಾಜ್ಞಾನಕ್ಕೆ ಎ1ರಿಂದ ಸಿ2ರವರೆಗೆ ಆರು ಮೆಟ್ಟಿಲು. ಮೊದಲೆರಡು ಮೆಟ್ಟಿಲಿಗೆ ಸಂಬಳ ಹುಟ್ಟುವುದು ಕಷ್ಟ; ನಾಲ್ಕನೆಯದಾದ ಬಿ2 ತಲುಪಿದರೆ ಮಾತು ಬೇರೆ. ಸ್ಪೇನ್ ಸರ್ಕಾರದ ಸರ್ವಾಂಟೆಸ್ ಸಂಸ್ಥೆ ನಡೆಸುವ ‘ಡೆಲೆ’ ಪರೀಕ್ಷೆಯ ಪ್ರಮಾಣಪತ್ರಕ್ಕೆ ಕಾಲಮಿತಿಯಿಲ್ಲ. ಶಾಲಾ ವಿದ್ಯಾರ್ಥಿಗಳಿಗೆ ಅದರಲ್ಲಿ ಪ್ರತ್ಯೇಕ ಪರೀಕ್ಷೆಯೂ ಇದೆ. ಪಿಯುಸಿ ಬಳಿಕ ಇದನ್ನೇ ಓದುವವರಿಗೆ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ, ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯಗಳಲ್ಲಿ ಪದವಿ ತರಗತಿಗಳಿವೆ.

ಎರಡನೇ ಮೆಟ್ಟಿಲು ದಾಟಿದ ಮೇಲೆ ಬರೆದದ್ದನ್ನು ತಿದ್ದಲು, ಎದುರು ಕುಳಿತು ಮಾತನಾಡಲು ಒಬ್ಬ ಗುರು ಬೇಕೇ ಬೇಕು. ಆಗ ವಾರಕ್ಕೊಂದು ಗಂಟೆಯ ಪಾಠಕ್ಕೆ ಹಣ ಕೊಡಿ. ಅಲ್ಲಿಯವರೆಗೆ ಒಂದೇ ಪುಸ್ತಕ, ಒಂದೇ ಧ್ವನಿಮುದ್ರಿಕೆ ಸಾಕು. ಅದರ ಕೊನೆಯ ಪಾಠ ಮುಗಿಯುವ ಮೊದಲು ಎರಡನೆಯದನ್ನು ಕೊಳ್ಳಬೇಡಿ.