ಕಡತವೂ ವಿದ್ಯುನ್ಮಾನ ಕಾಗದವೂ

ಕಡತವೆಂದರೆ ಇಂದಿನವರಿಗೆ ಕಚೇರಿಯ ಕಾಗದಗಳ ಕಟ್ಟು. ನಮ್ಮ ಹಿರಿಯರಿಗೆ ಅದು ಬೇರೆಯೇ ವಸ್ತುವಾಗಿತ್ತು. ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲಿನ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಆ ಕರಿಯ ಮೈಯ ಮೇಲೆ ಬಿಳಿಯ ಬಳಪದಿಂದ ಬರೆಯುತ್ತಿದ್ದರು. ಬೇಡವಾದುದನ್ನು ಒರೆಸಿ ಮತ್ತೆ ಬರೆಯಬಹುದಾಗಿತ್ತು. ಒರೆಸದಿದ್ದರೆ ಬರೆಹ ಹಾಗೆಯೇ ನಿಲ್ಲುತ್ತಿತ್ತು. ಓದಲು ಹಗಲಿನ ಬೆಳಕೋ ಹಣತೆಯ ಬೆಳಕೋ ಸಾಕಾಗಿತ್ತು.

ಈ ಹಳೆಯ ಸಾಧನವನ್ನು ಇಲ್ಲಿ ನೆನೆಯುವುದಕ್ಕೆ ಕಾರಣವಿದೆ. ಪ್ರಕೃತ ಸಂಚಿಕೆಯ ಕರಡನ್ನು ತಿದ್ದುವ ಕಾರ್ಯಕ್ಕೆಂದು ನಮ್ಮ ಪೂರ್ವವಿದ್ಯಾರ್ಥಿಗಳೊಬ್ಬರು ವಿದ್ಯುನ್ಮಾನ ಕಾಗದದ ಪರದೆಯೊಂದನ್ನು ಎರಡು ತಿಂಗಳ ಮಟ್ಟಿಗೆ ಕೊಟ್ಟಿದ್ದರು. ಗ್ರಂಥಾಲಯದ ಗಣಕಯಂತ್ರಗಳಿಗೆಲ್ಲ ಇಂಥ ಪರದೆಗಳನ್ನೇ ಕೊಡಿಸಬೇಕೆಂಬ ಉದಾರವಾದ ಸಲಹೆಯೂ ದಾನಿಗಳ ವಲಯದಲ್ಲಿ ಕೇಳಿಬಂದಿದೆ. ಬಳಸಿ ನೋಡಿದವನಾಗಿ ಈ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ವಿನಯಪೂರ್ವಕವಾಗಿ ನಿವೇದಿಸುತ್ತೇನೆ.

ಮೊದಲು ಅದರ ಸ್ವರೂಪವನ್ನು ಅರಿಯೋಣ. ಸಾಮಾನ್ಯ ಪರದೆ ತಾನೇ ಬೆಳಕನ್ನು ಕಣ್ಣಿಗೆ ಬೀರುತ್ತದೆ. ವಿದ್ಯುನ್ಮಾನ ಕಾಗದ ಹಾಗಲ್ಲ. ಕೂದಲೆಳೆಯಷ್ಟು ಸಣ್ಣ ಕೋಶಗಳೊಳಗಿನ ದ್ರವದಲ್ಲಿ ಕಪ್ಪು ಬಿಳುಪು ಕಣಗಳು ತೇಲುತ್ತಿರುತ್ತವೆ. ಒಂದು ಬಗೆಯ ಕಣಕ್ಕೆ ಧನ ವಿದ್ಯುದಂಶ, ಇನ್ನೊಂದಕ್ಕೆ ಋಣ. ವಿದ್ಯುತ್ ಕ್ಷೇತ್ರ ಬದಲಾದಂತೆ ಒಂದು ಮೇಲೇರಿ ಇನ್ನೊಂದು ಕೆಳಗಿಳಿಯುತ್ತದೆ. ಮೂಡಿದ ಅಕ್ಷರವನ್ನು ಉಳಿಸಿಕೊಳ್ಳಲು ಕಣಗಳಿಗೆ ವಿದ್ಯುತ್ತು ಬೇಡ. ಬದಲಿಸಲು ಮಾತ್ರ ಬೇಕು. ಕಡತದ ಗುಣವೂ ಇದೇ ಅಲ್ಲವೇ?

ಇದು ಒಂದು ದಿನದ ಸಾಧನೆಯಲ್ಲ. 1970ರ ದಶಕದಲ್ಲಿ ಅಮೆರಿಕದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ನಿಕ್ ಶೆರಿಡನ್ ಅವರು ಇಂಥ ಕಾಗದದ ಕಲ್ಪನೆಯನ್ನು ಬೇರೊಂದು ವಿಧಾನದಿಂದ ಪ್ರಯೋಗಿಸಿದರು. ಮೇಲೆ ಹೇಳಿದ ಕೋಶಗಳ ವಿಧಾನ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ ರೂಪುಗೊಂಡು, 1997ರಲ್ಲಿ ಇ ಇಂಕ್ ಎಂಬ ಸಂಸ್ಥೆ ಜನ್ಮತಳೆಯಿತು. 2004ರಲ್ಲಿ ಜಪಾನಿನಲ್ಲಿ ಸೋನಿ ಸಂಸ್ಥೆಯ ವಾಚನಯಂತ್ರವೂ 2007ರಲ್ಲಿ ಅಮೆಜಾನಿನ ಕಿಂಡಲ್ ಯಂತ್ರವೂ ಹೊರಬಂದವು. ಗಣಕಯಂತ್ರಕ್ಕೆ ಜೋಡಿಸಬಹುದಾದ 25.3 ಅಂಗುಲದ ದೊಡ್ಡ ಪರದೆಗಳು ಚೀನಾದ ಡಾಸುಂಗ್ ಮತ್ತು ಓನಿಕ್ಸ್ ಸಂಸ್ಥೆಗಳಿಂದ ಬಂದದ್ದು 2021ರಲ್ಲಿ.

ಇದರ ಗುಣಗಳನ್ನು ಮುಚ್ಚಿಡಲಾರೆ. ಸಾಮಾನ್ಯ ಪರದೆಯ ಮೇಲೆ ಬಿಸಿಲು ಬಿದ್ದರೆ ಅಕ್ಷರ ಮಂಕಾಗುತ್ತದೆ. ಇದರ ಮೇಲೆ ಬಿದ್ದರೆ ಇನ್ನಷ್ಟು ಸ್ಫುಟವಾಗುತ್ತದೆ. ಕಿಟಕಿಯ ಪಕ್ಕದಲ್ಲಿ ಕುಳಿತು ಮುದ್ರಿತ ಪುಟವನ್ನು ಓದುವಂತೆಯೇ ಕರಡನ್ನು ಓದಿದೆನು. ಚಲಚ್ಚಿತ್ರ ಇದರಲ್ಲಿ ಚೆನ್ನಾಗಿ ಓಡದು. ಆದುದರಿಂದ ಕುಳಿತವನು ಓದುವುದಕ್ಕೇ ಕುಳಿತಿರುತ್ತಾನೆ.

ಆದರೆ ಇದು ಕಣ್ಣಿನ ರೋಗವನ್ನು ತಡೆಯುತ್ತದೆಂದು ಹೇಳಿ ದಾನ ಕೇಳುವುದು ಸತ್ಯವಾಗದು. ಪರದೆಯ ನೀಲಿ ಬೆಳಕು ಕಣ್ಣನ್ನು ಕೆಡಿಸುತ್ತದೆಂಬುದಕ್ಕೆ ಪ್ರಮಾಣವಿಲ್ಲವೆಂದು ಅಮೆರಿಕದ ನೇತ್ರವೈದ್ಯರ ಅಕಾಡೆಮಿ ಸ್ಪಷ್ಟವಾಗಿ ತಿಳಿಸಿದೆ. ದಿಟ್ಟಿಸಿ ನೋಡುವಾಗ ನಾವು ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುವುದೇ ಆಯಾಸಕ್ಕೆ ಮುಖ್ಯ ಕಾರಣ. ಅದಕ್ಕೆ ಮದ್ದು ಆಗಾಗ ತಲೆಯೆತ್ತಿ ದೂರದ ಮರವನ್ನು ನೋಡುವುದು. ಅದಕ್ಕೆ ಕಾಸು ಬೇಕಾಗಿಲ್ಲ.

ದೋಷಗಳೂ ಇವೆ. ಪುಟ ತಿರುವಿದಾಗ ಹಿಂದಿನ ಬರೆಹದ ಛಾಯೆ, ಹಲಗೆಯ ಮೇಲೆ ಅರೆ ಒರೆಸಿದ ಅಕ್ಷರದಂತೆ ಉಳಿಯುತ್ತದೆ. ವೇಗ ಹೆಚ್ಚಿಸಲು ಹೊರಟರೆ ಬೂದುಬಣ್ಣದ ಛಾಯೆಗಳು ಹೋಗಿ ಅಕ್ಷರದ ಅಂಚು ಹರಿಯುತ್ತದೆ. ಇಂಗ್ಲಿಷಿನವರಿಗೆ ಇದು ಅಲ್ಪ ತೊಂದರೆ, ಕನ್ನಡಿಗರಿಗೆ ಅಲ್ಪವಲ್ಲ. ನಮ್ಮಲ್ಲಿ ದಕಾರಕ್ಕೂ ಧಕಾರಕ್ಕೂ, ಪಕಾರಕ್ಕೂ ಫಕಾರಕ್ಕೂ ಇರುವ ಅಂತರ ಅಡಿಯಲ್ಲಿನ ಒಂದು ಸಣ್ಣ ಸೀಳು ಮಾತ್ರ. ವೇಗದ ಕ್ರಮದಲ್ಲಿ ಸಣ್ಣ ಅಕ್ಷರಗಳ ಆ ಸೀಳು ನನ್ನ ಕಣ್ಣಿಗೆ ಎಷ್ಟೋ ಸಲ ತಪ್ಪಿತು. 'ಧನ'ವನ್ನು 'ದನ'ವೆಂದು ಬಿಟ್ಟ ಕರಡನ್ನು ಯಾರು ಒಪ್ಪುತ್ತಾರೆ? ನಿಧಾನದ ಕ್ರಮದಲ್ಲಿ, ಅಕ್ಷರವನ್ನು ದೊಡ್ಡದು ಮಾಡಿಕೊಂಡು ಓದಿದಾಗ ಒತ್ತಕ್ಷರಗಳೂ ನಿಚ್ಚಳವಾಗಿ ಕಂಡವು.

ಓಲೆಗರಿಗಳ ಛಾಯಾಚಿತ್ರಗಳನ್ನು ಓದುವುದಕ್ಕಂತೂ ಇದು ಒದಗದು. ಗರಿಯ ಕಂದು, ಮಸಿಯ ಕಪ್ಪು, ಹುಳು ಕೊರೆದ ತೂತು, ಇವುಗಳ ವಿವೇಕಕ್ಕೆ ಬಣ್ಣ ಬೇಕು. ನಾನು ಬಳಸಿದ ಪರದೆ ತೋರಿಸುವುದು 16 ಬೂದು ಛಾಯೆಗಳನ್ನಷ್ಟೆ. ಗರಿಯನ್ನು ಸಾಮಾನ್ಯ ಪರದೆಯಲ್ಲಿ ನೋಡಿ, ಪ್ರತಿಮಾಡಿದ ಪಾಠವನ್ನು ಇದರಲ್ಲಿ ತಿದ್ದುವುದು ಯೋಗ್ಯವಾದ ಕ್ರಮ.

ಇನ್ನು ವೆಚ್ಚದ ಮಾತು. 2021ರಲ್ಲಿ ದೊಡ್ಡ ಪರದೆಯೊಂದರ ಬೆಲೆ ಸುಮಾರು 1,800 ಡಾಲರು. ಆ ಹಣಕ್ಕೆ ಸಾಮಾನ್ಯ ಪರದೆಗಳು ಹತ್ತಾದರೂ ಬರುತ್ತವೆ. ಫ. ಗು. ಹಳಕಟ್ಟಿಯವರು ಸ್ವಂತ ಮನೆಯನ್ನು ಮಾರಿ ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಿಂದ 'ಶಿವಾನುಭವ' ಪತ್ರಿಕೆಯನ್ನು ನಡೆಸಿದರು. ಯಂತ್ರಕ್ಕೆ ವ್ಯಯಿಸಲು ಅವರು ಹಿಂಜರಿಯಲಿಲ್ಲ; ಆದರೆ ಆ ಯಂತ್ರ ಮಾಡಬೇಕಾದ ಕಾಯಕವೇನೆಂಬುದು ಅವರಿಗೆ ಮೊದಲೇ ತಿಳಿದಿತ್ತು. ನಾವು ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಅದೇ.

ಆದಕಾರಣ ನನ್ನ ಸಲಹೆಯಿಷ್ಟು: ಗಣಕ ತರಗತಿಯ ಮಕ್ಕಳಿಗೆ ಈ ಪರದೆ ಬೇಡ, ಚಿತ್ರ, ಬಣ್ಣ, ಚಲನೆಗಳಿಲ್ಲದೆ ಅವರ ಪಾಠ ಸಾಗದು. ಗ್ರಂಥಾಲಯದಲ್ಲಿ ಉತ್ತರದ ಕಿಟಕಿಯ ಬಳಿ, ಕರಡು ತಿದ್ದುವವರಿಗೂ ದೀರ್ಘಕಾಲ ಓದುವ ಅಧ್ಯಾಪಕರಿಗೂ ಒಂದೇ ಒಂದನ್ನು ಇಡೋಣ. ಒಂದು ವರ್ಷ ಬಳಸಿ, ಬಳಸಿದವರ ಅನುಭವವನ್ನು ಬರೆದಿಟ್ಟು, ಆಮೇಲೆ ಎರಡನೆಯದರ ಮಾತನ್ನಾಡೋಣ. ಉಳಿದ ಹಣ ಗ್ರಂಥಾಲಯದ ಓಲೆಗರಿಗಳ ಛಾಯಾಗ್ರಹಣಕ್ಕೆ ಸಲ್ಲಲಿ. ಪರದೆ ಕೆಟ್ಟರೆ ಹೊಸದನ್ನು ಕೊಳ್ಳಬಹುದು; ಹುಳು ತಿಂದ ಗರಿಯನ್ನು ಯಾವ ಅಂಗಡಿಯಲ್ಲಿಯೂ ಕೊಳ್ಳಲಾಗದು. ದಾನಿಗಳೂ ಸಹೋದ್ಯೋಗಿಗಳೂ ಇದನ್ನು ಪರಾಮರ್ಶಿಸಬೇಕೆಂದು ಪ್ರಾರ್ಥಿಸುತ್ತೇನೆ.