ನಡೆಯುವವರ ಸೇತುವೆ

ಸಿಂಧನೂರು, ಮಸ್ಕಿ, ಲಿಂಗಸುಗೂರು ಎಂದೊಡನೆ ಮಲೆನಾಡಿಗರಿಗೆ ನೆನಪಾಗುವುದು ಸುಡುಬಿಸಿಲು, ಕಾಲುವೆಯ ಬತ್ತ, ಅಶೋಕನ ಶಾಸನ. ಹೊಳೆ ದಾಟಲಾಗದ ಸಂಕಟ ಘಟ್ಟದ ಹಳ್ಳಿಗಳದ್ದು ಮಾತ್ರ ಎಂಬ ಭಾವನೆ ಬಲವಾಗಿದೆ. ಲಿಂಗಸುಗೂರು ತಾಲ್ಲೂಕಿನ ಕೃಷ್ಣಾ ತೀರ ಅದನ್ನು ಸುಳ್ಳಾಗಿಸುತ್ತದೆ.

ಮಹಾಬಲೇಶ್ವರದ ಬಳಿ ಹುಟ್ಟುವ ಕೃಷ್ಣೆ ಸಹ್ಯಾದ್ರಿಯ ಮಳೆಯನ್ನೇ ಹೊತ್ತು ಬಯಲಿಗೆ ಇಳಿಯುತ್ತಾಳೆ. ಜಲದುರ್ಗದ ಸುತ್ತ ನದಿ ಕವಲೊಡೆದು ನಡುಗಡ್ಡೆಗಳಾಗಿವೆ. ಮೇಲ್ಭಾಗದಲ್ಲಿ 1982ರಲ್ಲಿ ಪೂರ್ಣಗೊಂಡ ನಾರಾಯಣಪುರದ ಬಸವಸಾಗರ ಜಲಾಶಯವಿದೆ. ಅದರ ಗೇಟುಗಳಿಂದ ಭಾರೀ ನೀರು ಬಿಟ್ಟಾಗಲೆಲ್ಲ ಶೀಲಹಳ್ಳಿಯ ತಗ್ಗು ಸೇತುವೆ ಮುಳುಗುತ್ತದೆ. ಹಂಚಿನಾಳ, ಯಳಗುಂದಿ, ಯರಗೋಡಿಗಳ ಜನ ಜಲದುರ್ಗದ ಮೂಲಕ ಸುತ್ತಿ ಬರಬೇಕಾಗುತ್ತದೆ. ಕರಕಲಗಡ್ಡಿ, ಮ್ಯಾದರಗಡ್ಡಿಗಳ ಕುಟುಂಬಗಳಿಗೆ ಆ ಸುತ್ತುದಾರಿಯೂ ಇಲ್ಲ. ಊರಿನ ಹೊಲ ಮಳೆಗಾಗಿ ಕಾಯುತ್ತಿರುವಾಗಲೇ ಎಲ್ಲೋ ಘಟ್ಟದಲ್ಲಿ ಸುರಿದ ಮಳೆ ಮಕ್ಕಳ ಶಾಲೆಯ ದಾರಿಯನ್ನು ಮುಚ್ಚಿಬಿಡುತ್ತದೆ.

ಮಲೆನಾಡು ಈ ಸಂಕಟಕ್ಕೆ ಕಂಡುಕೊಂಡ ಮೊದಲ ಉತ್ತರ ಅಡಿಕೆ ಮರದ ಕಾಲುಸಂಕ. ಎರಡನೆಯ ಉತ್ತರ 1989ರಲ್ಲಿ ಸುಳ್ಯದ ಬಳಿಯ ಅರಂಬೂರಿನಲ್ಲಿ ಮೂಡಿತು. ಅಲ್ಲಿ ಪಯಸ್ವಿನಿ ನದಿಗೆ ಎಂಜಿನಿಯರ್ ಗಿರೀಶ್ ಭಾರದ್ವಾಜರು ಊರವರ ನೆರವಿನಿಂದ ತೂಗುಸೇತುವೆ ಕಟ್ಟಿದರು. ಮುಂದೆ ಅವರು ಕಟ್ಟಿದ ಸೇತುವೆಗಳು ನೂರನ್ನು ಮೀರಿದವು. 2017ರಲ್ಲಿ ಪದ್ಮಶ್ರೀ ಸಂದಿತು. ಇಂತಹ ಸೇತುವೆಗೆ ಹೊಳೆಯ ನಡುವೆ ಕಂಬ ಬೇಡ, ಕಾಡು ಕಡಿದು ಅಗಲ ರಸ್ತೆ ಮಾಡಬೇಕಿಲ್ಲ.

ಆದರೆ ತೂಗುಸೇತುವೆಯೇ ಸರ್ವರೋಗಕ್ಕೂ ಮದ್ದಲ್ಲ. 2019ರ ನೆರೆಯಲ್ಲಿ ಗಂಗಾವಳಿಯು ರಾಮನಗುಳಿಯ ತೂಗುಸೇತುವೆಯನ್ನು ಕೊಚ್ಚಿಕೊಂಡು ಹೋಯಿತು. ಶಾಲಾ ಮಕ್ಕಳಿಗೆಂದೇ ಸರ್ಕಾರ ‘ಶಾಲಾ ಸಂಪರ್ಕ ಸೇತು’ ಯೋಜನೆ ರೂಪಿಸಿದ ಮೇಲೂ, 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲ್ಲೂಕಿನ ಕಾಲ್ತೋಡಿನಲ್ಲಿ ಎರಡನೆಯ ತರಗತಿಯ ಬಾಲಕಿಯೊಬ್ಬಳು ಕಾಲುಸಂಕದಿಂದ ಜಾರಿ ಹಳ್ಳದ ಪಾಲಾದಳು.

ಘಟ್ಟದ ಹಳ್ಳಿಗೂ ಕೃಷ್ಣೆಯ ಗಡ್ಡೆಗೂ ಇರುವ ಪ್ರಶ್ನೆ ಒಂದೇ. ವಾಹನಗಳ ಲೆಕ್ಕದಲ್ಲಿ ಸೇತುವೆಯ ಅಗತ್ಯವನ್ನು ಅಳೆಯುವವರೆಗೆ, ನಡೆದು ಹೋಗುವ ಐವತ್ತು ಮಕ್ಕಳ ಊರು ಪಟ್ಟಿಯ ಕೊನೆಯಲ್ಲೇ ಉಳಿಯುತ್ತದೆ. ಬೇಸಿಗೆಯ ಹರಿವನ್ನು ನೋಡಿ ಕಟ್ಟಿದ್ದು ಬೇಸಿಗೆಗಷ್ಟೇ ಸೇತುವೆ. ನೆರೆಯ ಎತ್ತರವನ್ನು ಬಲ್ಲವರು ದಡದ ಜನ. ಅವರನ್ನು ಕೇಳಿ ಎತ್ತರ ನಿರ್ಧರಿಸಲಿ, ಗ್ರಾಮಸಭೆಯಲ್ಲಿ ಪಟ್ಟಿ ಸಿದ್ಧವಾಗಲಿ. ಬೃಹತ್ ಯೋಜನೆಗಳನ್ನು ಪ್ರಶ್ನಿಸುವ ಪರಿಸರ ಚಳವಳಿಯು ಇಂತಹ ಸಣ್ಣ ಸೇತುವೆಗಳಿಗಾಗಿ ಅಷ್ಟೇ ಗಟ್ಟಿಯಾಗಿ ದನಿಯೆತ್ತಬೇಕಾಗಿದೆ.