ನಿವೃತ್ತನ ಜೇಬಿನ ಚಿತ್ರ

ಮುಂಬಯಿಯ ಡಿ. ಎನ್. ನಗರ ಠಾಣೆಯ ಸಹಾಯಕ ಸಬ್‌ಇನ್ಸ್‌ಪೆಕ್ಟರ್ ರಾಜೇಂದ್ರ ಭೋಸ್ಲೆಯವರು 2015ರಲ್ಲಿ ನಿವೃತ್ತರಾದರು. 2008ರಿಂದ ಅಲ್ಲಿ ದಾಖಲಾಗಿದ್ದ ಕಾಣೆಯಾದ ಹುಡುಗಿಯರ 166 ಪ್ರಕರಣಗಳಲ್ಲಿ ಅವರೂ ಅವರ ಸಂಗಡಿಗರೂ 165ನ್ನು ಪತ್ತೆ ಮಾಡಿದ್ದರು. ಉಳಿದದ್ದು ಒಂದು: 2013ರ ಜನವರಿ 22ರಂದು ಅಂಧೇರಿಯಲ್ಲಿ ಶಾಲೆಗೆ ಹೋಗುವಾಗ ಮಾಯವಾದ ಏಳು ವರ್ಷದ ಬಡ ಹುಡುಗಿ. ಭೋಸ್ಲೆ ಅವಳ ಚಿತ್ರವನ್ನು ಜೇಬಿನಲ್ಲಿಟ್ಟುಕೊಂಡು ಪಿಂಚಣಿಯ ದಿನಗಳಲ್ಲೂ ಹುಡುಕಿದರು.

ಪತ್ರಿಕೆಗಳು ಅವರನ್ನು ಕೊಂಡಾಡಿದವು. ಕೊಂಡಾಡಲಿ, ಅವರು ಅದಕ್ಕೆ ಅರ್ಹರು. ಆದರೆ ನಾವು ಕೇಳಬೇಕಾದ ಪ್ರಶ್ನೆ ಬೇರೆ. ಸಂಬಳವಿಲ್ಲದ ಮುದುಕ ಅಲೆಯುತ್ತಿದ್ದಾಗ ಸಂಬಳ ಪಡೆಯುವ ಸರಕಾರಿ ಯಂತ್ರಕ್ಕೆ ಸಿಕ್ಕಿದ್ದೇನು?

2022ರ ಆಗಸ್ಟಿನಲ್ಲಿ ಹುಡುಗಿ ಸಿಕ್ಕಳು, ಅದೇ ಅಂಧೇರಿ ಭಾಗದಲ್ಲಿ! ನಡುವೆ ಕೆಲಕಾಲ ಅವಳನ್ನು ನಮ್ಮ ಕರ್ನಾಟಕದ ಹಾಸ್ಟೆಲೊಂದರಲ್ಲಿಯೂ ಇರಿಸಲಾಗಿತ್ತಂತೆ. ಪತ್ತೆ ಮಾಡಿದವರು ಯಾರು? ಜೊತೆಯಲ್ಲಿ ದುಡಿಯುತ್ತಿದ್ದ ಮನೆಕೆಲಸದ ಹೆಂಗಸೊಬ್ಬರು ಹಳೆಯ ಭಿತ್ತಿಪತ್ರವನ್ನು ಹುಡುಕಿ ತೆಗೆದರು. ಅದರಲ್ಲಿದ್ದ ಐದು ಫೋನ್ ನಂಬರುಗಳಲ್ಲಿ ಜೀವಂತವಾಗಿದ್ದುದು ಒಂದೇ, ನೆರೆಮನೆಯವರದು. ಅಧಿಕಾರಶಾಹಿಯ ಕೈಲಾಗದ್ದನ್ನು ಬಡವರ ನೆರೆಹೊರೆ ಮಾಡಿತು. ಅಷ್ಟರಲ್ಲಿ ಹುಡುಗಿಯ ತಂದೆ ಕಣ್ಣು ಮುಚ್ಚಿದ್ದರು.

ಇದು ಒಂದೇ ಊರಿನ ಕತೆಯಲ್ಲ. ದೆಹಲಿಯ ಮಗ್ಗುಲಿನ ನಿಠಾರಿಯಲ್ಲಿ ಕೂಲಿಕಾರರ ಮಕ್ಕಳು ಒಬ್ಬೊಬ್ಬರಾಗಿ ಕಾಣೆಯಾದಾಗ ತಂದೆತಾಯಿಗಳ ದೂರಿಗೆ ಠಾಣೆ ಕಿವಿಗೊಡಲಿಲ್ಲ. 2006ರ ಡಿಸೆಂಬರಿನಲ್ಲಿ ಚರಂಡಿಯಿಂದ ಎಲುಬುಗಳು ಹೊರಬಂದ ಮೇಲೆ ದೇಶಕ್ಕೆ ಎಚ್ಚರವಾಯಿತು.

ಕಾನೂನಿಲ್ಲವೇ? ಇದೆ. ಕಾಣೆಯಾದ ಪ್ರತಿ ಮಗುವಿನ ದೂರನ್ನೂ ಎಫ್.ಐ.ಆರ್. ಮಾಡಿ, ಅಪಹರಣವೆಂದೇ ಭಾವಿಸಿ ತನಿಖೆ ನಡೆಸಬೇಕೆಂದು ಸುಪ್ರೀಂ ಕೋರ್ಟು 2013ರ ಮೇ 10ರಂದು ಆಜ್ಞೆ ಮಾಡಿತು. ನಾಲ್ಕು ತಿಂಗಳಲ್ಲಿ ಸಿಗದಿದ್ದರೆ ಮಾನವ ಸಾಗಣೆ ತಡೆ ಘಟಕಕ್ಕೆ ಒಪ್ಪಿಸಬೇಕೆಂದು 2016ರ ಬಾಲನ್ಯಾಯ ಮಾದರಿ ನಿಯಮಗಳು ಹೇಳುತ್ತವೆ. ಆದರೆ ಬಡವನ ಪಾಲಿಗೆ ಕಾನೂನು ಗಾಜಿನ ಬೀರುವಿನ ಮಿಠಾಯಿ; ಕಾಣುತ್ತದೆ, ಕೈಗೆಟಕದು.

ದುಡಿಯುವ ಬಂಧುಗಳೇ, ಪಾಳಿಗೆ ಹೋದ ತಾಯಿ, ಅಂಗಡಿಯಲ್ಲಿ ಕುಳಿತ ತಂದೆ, ಇವರ ಮಗುವಿಗೆ ಕಾವಲುಗಾರನಿಲ್ಲ; ಬೀದಿಯೇ ಕಾವಲು. ಆದ್ದರಿಂದ ನಿಮ್ಮ ಬೀದಿಯಲ್ಲಿ ಮಗು ಕಾಣೆಯಾದರೆ ತಂದೆಯೊಬ್ಬನನ್ನೇ ಠಾಣೆಗೆ ಕಳುಹಿಸಬೇಡಿ. ಸಂಘದವರು, ವರ್ತಕರು, ನೆರೆಯವರು ಕೂಡಿ ಹೋಗಿ. "ನಾಳೆ ಬಾ" ಎಂದರೆ ಕದಲಬೇಡಿ, ಎಫ್.ಐ.ಆರ್. ಪ್ರತಿ ಕೈಗೆ ಬರುವವರೆಗೆ ಅಲ್ಲೇ ಕೂರಿ. ಅದನ್ನು ಪುಕ್ಕಟೆಯಾಗಿ ಕೊಡಬೇಕಾದದ್ದು ಅವರ ಕರ್ತವ್ಯ. ನಾಲ್ಕು ತಿಂಗಳಾದ ಮೇಲೆ ಮತ್ತೆ ಹೋಗಿ, ಕಡತ ಎಲ್ಲಿದೆ ಎಂದು ಕೇಳಿ.

ಭೋಸ್ಲೆಯಂಥವರು ಇರಲಿ, ಇನ್ನೂ ಹುಟ್ಟಲಿ. ಆದರೆ ಒಬ್ಬ ಸಜ್ಜನನ ಜೇಬನ್ನು ನಂಬಿ ದೇಶದ ಮಕ್ಕಳನ್ನು ಬಿಡಲಾಗದು. ನೌಕರ ನಿವೃತ್ತನಾಗಬಹುದು, ಸರಕಾರದ ಹೊಣೆಗೆ ನಿವೃತ್ತಿಯಿಲ್ಲ.